ಕೊಬ್ಬರಿ ಎಣ್ಣೆ ಕುಡಿದ ಟ್ರಕ್ಕು

ನವೆಂಬರ್ ೨೪, ರವಿವಾರ

ಕೈ ಜೋಲಿ ಬಿಚ್ಚಿದ್ದಾಯಿತು. ದಿನಾ ಸ್ವಲ್ಪ ಬರೆಯಿರಿ, ಬೆರಳಿಗೂ ಹೆಗಲಿಗೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ಏನು ಬರೆಯಬೇಕೆಂದು ಹೇಳಲಿಲ್ಲ. ಎಂ.ಎ. ಓದುವಾಗ ಪುಟಗಟ್ಟಲೆ ಬರೆದವಳಿಗೆ ಈಗ ಅರ್ಧ ಪುಟಕ್ಕೇ ಹೆಗಲು ಸೆಳೆಯುತ್ತದೆ.

ಮಧ್ಯಾಹ್ನ ಹಫೀಜ ಬಂದಿದ್ದ. ದುರ್ಗದಬೈಲಿನ ಪೇಟೆಯಲ್ಲಿ ಇವರ ಗಡಿಯಾರದ ಅಂಗಡಿಗೆ ಹೊಂದಿಕೊಂಡೇ ಅವನ ಝೆರಾಕ್ಸ್ ಅಂಗಡಿ. ಒಂದು ಮೊಳ ಉದ್ದದ ಟ್ರಕ್ಕನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದ. ದಪ್ಪ ಗಾಲಿ, ಪ್ರತಿ ಗಾಲಿಗೂ ಒಂದೊಂದು ಸ್ಪ್ರಿಂಗು, ಕೈಯಲ್ಲಿ ಹಿಡಿದು ಓಡಿಸಲು ಒಂದು ರಿಮೋಟು. ಅಮರಗೋಳದ ಹಿಂದಿನ ಹಳೆಯ ಕಲ್ಲಿನ ಖಣಿಯಲ್ಲಿ ಅವನೂ ಅವನ ಗೆಳೆಯರೂ ರವಿವಾರ ಇಂಥ ಟ್ರಕ್ಕುಗಳನ್ನು ಕಲ್ಲು ಹತ್ತಿಸುತ್ತಾರಂತೆ. ಇದು ಅವನ ಹಳೆಯ ಟ್ರಕ್ಕು.

"ವೈನಿ, ಇದು ಸಣ್ಣ ಹುಡುಗರ ಆಟಿಗಿ ಅಲ್ರಿ," ಎಂದ. "ರಮಾಕಾಂತಣ್ಣ ಅಂಗಡ್ಯಾಗ ದಿನಪೂರ್ತಿ ಮಾತಿಲ್ಲದ ಕುಂದರ್ತಾರ. ಇದರ ಕೂಡ ಆದ್ರೂ ಜಗಳ ಆಡ್ಲಿ."

ಇವರು ಮಾತು ಬಿಟ್ಟಿದ್ದು ಸೆಪ್ಟೆಂಬರಿನಿಂದ. ಹೆಬ್ಬಳ್ಳಿಯಲ್ಲಿ ಅವ್ವನನ್ನು ನೋಡಿಕೊಂಡು ಬರುವಾಗ, ಹಳ್ಳದ ಸಣ್ಣ ಸೇತುವೆಯ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂತು. ಇವರು ಕಾರನ್ನು ಬದಿಗೆ ತೆಗೆದುಕೊಂಡರು. ಮಳೆಗೆ ನೆನೆದ ಅಂಚು ಕುಸಿದು ಕಾರು ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ಬದಿಗೆ ಮಗ್ಗುಲಾಯಿತು. ಇವರಿಗೆ ತರಚೂ ಆಗಲಿಲ್ಲ. ನನ್ನ ಕೊರಳ ಕೆಳಗಿನ ಎಲುಬು ಮುರಿಯಿತು. ಕಾರು ರಿಪೇರಿಯಾಗಿ ಬಂದು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿದೆ. ಇವರು ಅಂಗಡಿಗೆ ಚಿಗರಿ ಬಸ್ಸಿನಲ್ಲಿ ಹೋಗುತ್ತಾರೆ. ನಾನು ಎಲ್ಲಿಗೂ ಹೋಗುವುದಿಲ್ಲ. ದವಾಖಾನೆ, ಕಾಯಿಪಲ್ಲೆ ಅಂಗಡಿ ಎರಡೂ ನಡೆದು ಹೋಗುವಷ್ಟು ಹತ್ತಿರವೇ ಇವೆ. ಹೆಗಲು ಪೂರ್ತಿ ನೆಟ್ಟಗಾಗಲಿ, ಆಮೇಲೆ ನೋಡಿದರಾಯಿತು.

ನವೆಂಬರ್ ೨೭, ಬುಧವಾರ

ಬಾಜೂ ಖಾಲಿ ಸೈಟಿನಲ್ಲಿ ಯಾರೋ ಬುನಾದಿಯ ಕಲ್ಲು ಸುರುವಿ ಹೋಗಿದ್ದಾರೆ. ಇವರು ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅಲ್ಲಿ ಟ್ರಕ್ಕು ಬಿಟ್ಟಿದ್ದರು. ಅದು ಕಲ್ಲಿನ ಮೇಲೆ ಮುಂದಿನ ಗಾಲಿ ಇಡುತ್ತದೆ, ಅರ್ಧ ಏರುತ್ತದೆ, ಎಡಕ್ಕೆ ವಾಲುತ್ತದೆ, ಮೆಲ್ಲಗೆ ಮಗ್ಗುಲಾಗುತ್ತದೆ. ನಾನು ಕಿಟಕಿಯಿಂದ ಒಂದು ಸಲ ನೋಡಿ ಒಳಗೆ ಬಂದೆ. ಒಲೆಯ ಮೇಲೆ ಹಾಲಿತ್ತು.

ಸಂಜೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಟ್ರಕ್ಕಿನ ಎಲ್ಲ ತಿರುಪುಗಳನ್ನೂ ಸ್ಪ್ರಿಂಗುಗಳನ್ನೂ ಬಿಗಿ ಮಾಡಿದರು. ವಾಲುವ ವಸ್ತು ಬಿಗಿಯಾದರೆ ನಿಲ್ಲುತ್ತದೆ ಎಂದು ಅವರ ಲೆಕ್ಕ. ಗಡಿಯಾರದ ಕೈ ಅದು. ಅವರ ವಿದ್ಯೆಯಲ್ಲಿ ಸಡಿಲ ಎಂದರೆ ಕೆಟ್ಟದ್ದು ಎಂದೇ ಅರ್ಥ.

ಡಿಸೆಂಬರ್ ೧, ರವಿವಾರ

ಹಫೀಜ ಆಟೋ ತಂದು ನಿಲ್ಲಿಸಿದ್ದ, ವೈನಿ ನೀವೂ ಖಣಿಗೆ ಬರ್ರಿ ಎಂದು. ಹೆಗಲು ನೋವೆಂದೆ. ಇವರೊಬ್ಬರೇ ಹೋಗಿ ಹನ್ನೊಂದು ಬಡಿಯುವುದರೊಳಗೆ ತಿರುಗಿ ಬಂದರು. ಟ್ರಕ್ಕಿನ ಎಡಮಗ್ಗುಲು ಪೂರ್ತಿ ಗೀಚಿ ಹೋಗಿತ್ತು.

ಅವ್ವನ ಫೋನು. ಎಳ್ಳ ಅಮಾವಾಸ್ಯೆ ಈ ತಿಂಗಳು ಮೂವತ್ತಕ್ಕೆ. ಹೊಲಕ್ಕೆ ಚರಗ ಚೆಲ್ಲಲು ಬರಲೇಬೇಕು ಎಂದಳು. ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಅನ್ನ, ಕಡಬು, ರೊಟ್ಟಿಯ ಚೂರುಗಳನ್ನು ಪೈರಿನ ಮೇಲೆ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ನಾನು ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಹೆಗಲು ನೋವವ್ವಾ ಎಂದೆ.

"ಯಾಕ, ಹೆಗಲಿನ ಮ್ಯಾಲ ಕುಂತು ಬರಾಕಿ ಇದ್ದೀಯೇನ ನೀನು?" ಎಂದಳು ಅವ್ವ.

ನನ್ನ ತಮ್ಮ ದುರ್ಗೇಶ ಬಂಡಿ ತೆಗೆದುಕೊಂಡು ಧಾರವಾಡದವರೆಗೆ ಬರಲೇ ಅಕ್ಕಾ ಎಂದು ಹಿಂದಿನಿಂದ ಕೂಗುತ್ತಿದ್ದ. ಚೇಷ್ಟೆ. ಅವನಿಗೂ ಗೊತ್ತು, ಅವ್ವನಿಗೂ ಗೊತ್ತು, ಆ ಸೇತುವೆ ದಾಟದೆ ಹೊಲಕ್ಕೆ ಬೇರೆ ದಾರಿಯಿಲ್ಲ.

ಡಿಸೆಂಬರ್ ೩, ಮಂಗಳವಾರ

ಚಳಿ ಬಿದ್ದಿದೆ. ಕವಿತೆಯ ಪುಸ್ತಕ ತೆಗೆದೆ. ಮೂರನೆಯ ಸಾಲಿಗೆ ಮುಚ್ಚಿಟ್ಟೆ.

ಡಿಸೆಂಬರ್ ೭, ಶನಿವಾರ

ಕೈಗೆ ವ್ಯಾಯಾಮವೆಂದು ಪುಸ್ತಕದ ಕಪಾಟು ಒರೆಸುತ್ತಿದ್ದೆ. ನೆಲದ ಮೇಲೆ ಟ್ರಕ್ಕು ಅಡ್ಡ ಬರುತ್ತಿತ್ತು. ಸರಿಸಲು ಹೋಗಿ ಅಂಗೈಯಿಂದ ಒತ್ತಿದೆ. ಕಲ್ಲಿನ ಹಾಗಿತ್ತು, ಎಳ್ಳಷ್ಟೂ ಕುಸಿಯಲಿಲ್ಲ. ಇಷ್ಟು ಗಟ್ಟಿಯಾಗಿದ್ದರೆ ಸ್ಪ್ರಿಂಗು ಯಾತಕ್ಕೆ? ಲಘುವೇ ಇಲ್ಲದೆ ಬರೀ ಗುರುಗಳನ್ನು ಪೇರಿಸಿದ ಪದ್ಯದ ಸಾಲು ಓದಿದಂತಾಯಿತು.

ಸುಮ್ಮನೆ ಒಂದು ಗಾಲಿಯ ಕೆಳಗೆ ತೆಳ್ಳಗಿನ ಕವನ ಸಂಕಲನ ಇಟ್ಟೆ. ಎದುರು ಮೂಲೆಯ ಗಾಲಿ ನೆಲ ಬಿಟ್ಟಿತು. ಒಂದೇ ಸಂಕಲನಕ್ಕೆ. ಸೈಟಿನ ಕಲ್ಲುಗಳ ಮೇಲೆ ಏನಾಗುತ್ತಿತ್ತೆಂದು ಆಗ ತಿಳಿಯಿತು. ಒಂದು ಗಾಲಿ ಏರಿದರೆ ಇಡೀ ಟ್ರಕ್ಕೇ ಅದರ ಜೊತೆ ಏಳುತ್ತದೆ, ವಾಲುತ್ತದೆ.

ಸ್ಪ್ರಿಂಗಿನ ಮೇಲಿರುವ ಬಳೆಯನ್ನು ಬೆರಳಿನಿಂದಲೇ ತಿರುಗಿಸಬಹುದು. ನಾಲ್ಕನ್ನೂ ಸಡಿಲಿಸಿದೆ. ಟ್ರಕ್ಕು ತನ್ನ ಭಾರಕ್ಕೆ ತಾನೇ ಸ್ವಲ್ಪ ಕೆಳಗೆ ಕೂತಿತು, ಬಹಳ ಹೊತ್ತು ನಿಂತವರು ಕೂತ ಹಾಗೆ. ಗಾಲಿಗಳನ್ನು ಮೈಗೆ ಜೋಡಿಸುವ ಸಲಾಕೆಗಳ ತಿರುಪುಗಳೂ ಅತಿಯಾಗಿ ಬಿಗಿದಿದ್ದವು. ಇವರ ಸಣ್ಣ ತಿರುಪುಳಿ ತೆಗೆದುಕೊಂಡು ಅವನ್ನೂ ಕಾಲು ಸುತ್ತು ಬಿಟ್ಟೆ. ಈಗ ಎರಡು ಸಂಕಲನ. ಮೂರು. ಉಳಿದ ಮೂರೂ ಗಾಲಿ ನೆಲಕ್ಕೆ ಅಂಟಿಕೊಂಡೇ ಇದ್ದವು. ಕೊನೆಗೆ ನಿಘಂಟು ಇಟ್ಟೆ. ಎದುರು ಗಾಲಿ ಎದ್ದಿತು. ನಿಘಂಟಿಗೆ ಯಾರು ತಾನೆ ಏಳುವುದಿಲ್ಲ.

ಇವರು ಬರುವಾಗ ಪಡಸಾಲೆಯ ತುಂಬ ಪುಸ್ತಕ. ಟ್ರಕ್ಕನ್ನು ಅಲ್ಲಾಡಿಸಿ ನೋಡಿ ಮುಖ ಸಿಂಡರಿಸಿದರು.

"ಲಡಲಡ ಅನ್ನಾಕತ್ತೈತೆಲ್ಲ ಇದು."

"ಗಡಿಯಾರ ಅಲ್ರಿ ಅದು," ಎಂದೆ.

ಸೈಟಿಗೆ ಒಯ್ದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ "ಸುಮಾ, ಸುಮಾ, ಬಾ ಇಲ್ಲೆ" ಎಂದು ಕೂಗಿದರು. ಟ್ರಕ್ಕು ಬುನಾದಿ ಕಲ್ಲಿನ ಮೇಲೆ ಹತ್ತಿ ಕೂತಿತ್ತು. ಇವರು ಹೀಗೆ ಹೊರಗಿನಿಂದ ನನ್ನ ಹೆಸರು ಕೂಗಿ ಬಹಳ ದಿನವಾಗಿತ್ತು.

ಪುಸ್ತಕಗಳನ್ನು ತಿರುಗಿ ಜೋಡಿಸುತ್ತ ಒಂದೆರಡು ಕವಿತೆ ಓದಿದೆ. ಅಡುಗೆ ತಡವಾಯಿತು.

ಡಿಸೆಂಬರ್ ೮, ರವಿವಾರ

ಇವರ ಜೊತೆ ಖಣಿಗೆ ನಡೆದುಕೊಂಡೇ ಹೋಗಿ ಬಂದೆ. ಹಫೀಜ ಮತ್ತು ಅವನ ಗೆಳೆಯರು, ಎಲ್ಲರೂ ಹೊಟ್ಟೆ ಬಂದ ಗಂಡಸರು, ಕಲ್ಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಟ್ರಕ್ಕುಗಳಿಗೆ ಬುದ್ಧಿ ಹೇಳುತ್ತಿರುತ್ತಾರೆ.

ನಮ್ಮ ಟ್ರಕ್ಕು ಹತ್ತುತ್ತದೆ, ಆದರೆ ಇಳಿಯುವಾಗ ಚೆಂಡಿನಂತೆ ಪುಟಿಯುತ್ತದೆ, ಪುಟಿದು ಬೀಳುತ್ತದೆ. ಸ್ಪ್ರಿಂಗಿನೊಳಗಿನ ಕೊಳವೆಗೆ ಶಾಕರ್ ಎನ್ನುತ್ತಾರೆ, ಅದರಲ್ಲಿ ಎಣ್ಣೆ ಇರಬೇಕಂತೆ. ಎಣ್ಣೆ ಸ್ಪ್ರಿಂಗಿನ ಅವಸರವನ್ನು ತಡೆಯುತ್ತದೆ. ನಮ್ಮದರಲ್ಲಿ ಹಳೆಯ ಎಣ್ಣೆ ಸೋರಿ ಖಾಲಿಯಾಗಿದೆ. ಅದಕ್ಕೆಂದೇ ಇರುವ ಎಣ್ಣೆ ಪುಣೆಯಿಂದ ಕೊರಿಯರಿನಲ್ಲಿ ಬರಬೇಕು. ಹೇಳಿ ಬಂದಿದ್ದೇವೆ.

ಡಿಸೆಂಬರ್ ೧೪, ಶನಿವಾರ

ಎಣ್ಣೆ ಬಂದಿಲ್ಲ. ನಾಳೆ ರವಿವಾರ. ಹಫೀಜನ ಗೆಳೆಯರು ಖಣಿಯ ನಟ್ಟನಡುವಿನ ದೊಡ್ಡ ಬಂಡೆಯ ಮೇಲೆ ಎಲ್ಲರೂ ಟ್ರಕ್ಕು ಹತ್ತಿಸಿ ಇಳಿಸಬೇಕೆಂದು ಗೊತ್ತು ಮಾಡಿದ್ದಾರೆ. ಇವರು ಅಂಗಡಿ ಬೇಗ ಮುಚ್ಚಿ ಮಧ್ಯಾಹ್ನವೇ ಬಂದರು. ಮೊದಲು ಹೊಲಿಗೆ ಯಂತ್ರದ ಎಣ್ಣೆ ತುಂಬಿ ನೋಡಿದೆವು. ನೀರಿನಂತೆ ತೆಳು, ಇದ್ದೂ ಇಲ್ಲದಂತೆ. ಆಗ ಕಿಟಕಿಯ ಕಟ್ಟೆಯ ಬಿಸಿಲಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟ್ಲಿ ನನ್ನ ಕಣ್ಣಿಗೆ ಬಿತ್ತು. ಎಲುಬು ಮುರಿದಾಗಿನಿಂದ ನನಗೆ ತಲೆ ಬಾಚಿಕೊಳ್ಳಲು ಆಗುವುದಿಲ್ಲ. ಎದುರು ಮನೆಯ ಶೇವಂತೆವ್ವ ಬಂದು ಎಣ್ಣೆ ಹಚ್ಚಿ ಹೆರಳು ಹಾಕಿ ಹೋಗುತ್ತಾಳೆ. ಬಾಟ್ಲಿಯ ಕಾರಭಾರವೆಲ್ಲ ಅವಳದೇ.

ನಾಲ್ಕೂ ಕೊಳವೆಗಳಿಗೆ ತುಂಬಿದೆವು. ಇವರು ಚಿಮಟದಲ್ಲಿ ಸಣ್ಣ ರಬ್ಬರಿನ ಉಂಗುರಗಳನ್ನು ಹಿಡಿದು ಕೂರಿಸಿದರು, ನಾನು ಗುಳ್ಳೆ ಉಳಿಯದ ಹಾಗೆ ಮೆಲ್ಲಗೆ ಒತ್ತಿದೆ. ಗೇಣೆತ್ತರದಿಂದ ಟ್ರಕ್ಕನ್ನು ಕೈಬಿಟ್ಟರೆ ಪುಟಿಯಲಿಲ್ಲ. ಬಿದ್ದಿತು, ಕುಸಿಯಿತು, ಎದ್ದಿತು, ನಿಂತಿತು. ಸೈಟಿನ ಕಲ್ಲು ಹತ್ತಿ ಇಳಿಯಿತು. ನನ್ನದೇ ಉಪಾಯವೆಂದು ಇವರು ಫೋನಿನಲ್ಲಿ ಹಫೀಜನಿಗೆ ಎರಡೆರಡು ಸಲ ಹೇಳಿದರು. ಮನೆಯೆಲ್ಲ ಜಾತ್ರೆಗೆ ಹೊರಟ ಹುಡುಗಿಯ ತಲೆಯ ವಾಸನೆ.

ಡಿಸೆಂಬರ್ ೧೫, ರವಿವಾರ

ಬೆಳಿಗ್ಗೆ ಏಳಕ್ಕೇ ಖಣಿ. ಮಂಜು. ಎಲ್ಲರೂ ಮಫ್ಲರ್ ಸುತ್ತಿಕೊಂಡಿದ್ದರು. ಇವರು ಬಂಡೆಗೆ ಟ್ರಕ್ಕು ಬಿಟ್ಟರು. ನಿನ್ನೆ ಬೆಣ್ಣೆಯಂತೆ ಏರಿದ್ದು ಇಂದು ಕಟ್ಟಿಗೆಯ ಕುದುರೆ. ಒಂದು ಗಾಲಿಯೂ ಮಡಚಲಿಲ್ಲ. ಅರ್ಧ ಏರಿ, ಎಡಕ್ಕೆ ವಾಲಿ, ಮಗ್ಗುಲಾಗಿ, ಬಂಡೆಯ ಬುಡದವರೆಗೂ ಉರುಳಿತು. ಎರಡನೆಯ ಸಲವೂ ಹಾಗೆಯೇ. ಒಬ್ಬರು ನಕ್ಕರು, ಕೆಟ್ಟ ನಗೆಯೇನಲ್ಲ.

ಇವರು ಟ್ರಕ್ಕನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದರು. ಮನೆಯ ಗೇಟಿನ ಹತ್ತಿರ ಹೊದಿಕೆ ಹೊದ್ದ ಕಾರಿನ ಪಕ್ಕ ನಿಂತು, ನನ್ನ ಕಡೆ ನೋಡದೆ ಹೇಳಿದರು.

"ನನ್ನ ಕೈಯಾಗ ಯಾವುದೂ ನೆಟ್ಟಗ ನಿಂದ್ರೂದಿಲ್ಲ ಸುಮಾ. ನೀನು ಗಾಡ್ಯಾಗ ಕುಂದರೂದಿಲ್ಲ ಅಂದ್ರ ನನಗ ತಿಳೀತೈತಿ."

ಹೆಗಲು ನೋವ್ರಿ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಟ್ರಕ್ಕನ್ನು ಹಫೀಜನಿಗೆ ತಿರುಗಿ ಕೊಡುತ್ತಾರಂತೆ.

ಡಿಸೆಂಬರ್ ೧೬, ಸೋಮವಾರ

ಇಂದು ಬರೆಯುವುದು ಬಹಳ ಇದೆ.

ಬೆಳಿಗ್ಗೆ ಶೇವಂತೆವ್ವ ತಲೆಗೆ ಎಣ್ಣೆ ಹಚ್ಚಲು ಬಂದಳು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಬಾಟ್ಲಿ ತೆಗೆದುಕೊಂಡವಳೇ, "ನಿನ್ನಿ ಒಳಗ ಇಟ್ಟೀಯೇನ ಇದನ್ನ? ನೋಡಿಲ್ಲೆ, ಬೆಣ್ಣಿ ಆಗೇತಿ. ಬಿಸಿಲಿಗಿಟ್ಟು ಬರ್ತೀನಿ ತಡಿ," ಎಂದು ಗೊಣಗಿದಳು.

ಬಾಟ್ಲಿಯಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಯಾರಿಗೆ ಗೊತ್ತಿಲ್ಲ? ನಲವತ್ತೆಂಟು ವರ್ಷ ತಲೆಗೆ ಹಚ್ಚಿಕೊಂಡವಳಿಗೆ ಗೊತ್ತಿರಲಿಲ್ಲವೇ? ಈ ವರ್ಷ ಬಾಟ್ಲಿ ನನ್ನ ಕೈಗೇ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನದ ಬಿಸಿಲಲ್ಲಿ ಕರಗಿ ನಿಂತಿದ್ದನ್ನೇ ಕಂಡೆ. ರವಿವಾರ ನಸುಕಿನ ಮಂಜಿನಲ್ಲಿ ಶಾಕರಿನೊಳಗೆ ಅದು ಮೇಣದಬತ್ತಿಯಾಗಿ ಕೂತಿತ್ತು. ಇವರ ಕೈಯ ತಪ್ಪೇನೂ ಇರಲಿಲ್ಲ. ಯಾರು ಓಡಿಸಿದ್ದರೂ ಬೀಳುತ್ತಿತ್ತು.

ಫೋನ್ ಮಾಡಿದೆ, ಇವರು ಎತ್ತಲಿಲ್ಲ. ಸಂಜೆಯವರೆಗೆ ಕಾಯುವಂತಿರಲಿಲ್ಲ, ಟ್ರಕ್ಕನ್ನು ಆಗಲೇ ಅಂಗಡಿಗೆ ಒಯ್ದಿದ್ದರು, ಹಫೀಜನಿಗೆ ಕೊಟ್ಟುಬಿಟ್ಟರೆ? ಶೇವಂತೆವ್ವನ ಕೈಯಿಂದ ಬಾಟ್ಲಿ ಕಸಿದುಕೊಂಡು, ಅರ್ಧ ಎಣ್ಣೆ ಹಚ್ಚಿದ ತಲೆಗೆ ಸೆರಗು ಹೊದ್ದು ಹೊರಟೆ. ಚಿಗರಿಯಲ್ಲಿ ಕೂಡಲು ಜಾಗ ಸಿಗಲಿಲ್ಲ. ಎಣ್ಣೆ ಕರಗಬಾರದಲ್ಲ, ಬಾಟ್ಲಿಯನ್ನು ಒದ್ದೆ ಪಂಚೆಯಲ್ಲಿ ಸುತ್ತಿ ಹಿಡಿದುಕೊಂಡೇ ನಿಂತಿದ್ದೆ. ಇಳಿದು ಅಲ್ಲಿಂದ ಆಟೋ. ಆಟೋದವನಿಗೆ ಲಗೂ ಹೊಡಿಯಪ್ಪಾ ಎಂದು ಅವಸರ ಮಾಡಿದ್ದೇ ಮಾಡಿದ್ದು.

ದುರ್ಗದಬೈಲಿನ ಗದ್ದಲದಲ್ಲಿ ಅಂಗಡಿ ಮುಟ್ಟಿದಾಗ ಇವರು ಒಂದು ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಭೂತಗನ್ನಡಿಯ ಹಿಂದಿನ ದೊಡ್ಡ ಕಣ್ಣಿನಿಂದ ನನ್ನನ್ನು ನೋಡಿದರು. ನೋಡ್ರಿ ಇಲ್ಲೆ, ಎಂದು ಬಾಟ್ಲಿ ತೆಗೆದು ಕೈಯಲ್ಲಿಟ್ಟೆ.

ಎಣ್ಣೆ ನೀರಾಗಿತ್ತು. ದಾರಿಯ ಬಿಸಿಲಿಗೆ ಪೂರ್ತಿ ಕರಗಿ, ತಿಳಿಯಾಗಿ, ಮುಗ್ಧವಾಗಿ ಕುಲುಕಾಡುತ್ತಿತ್ತು.

ಹಫೀಜ ತನ್ನ ಅಂಗಡಿಯಿಂದ ಕತ್ತು ಚಾಚಿದ. "ವೈನಿ, ಅಣ್ಣಾರಿಗೆ ಎಣ್ಣಿ ಹಚ್ಚಾಕ ಬಂದೀರೇನ್ರಿ?"

ನನಗೆ ನಗೆ ಬಂದು ಮಾತೇ ಹೊರಡಲಿಲ್ಲ. ಕಡೆಗೆ ಹೇಗೋ ಹೇಳಿದೆ. ಇವರು ಬಾಟ್ಲಿಯನ್ನು ನೋಡಿದರು, ಟ್ರಕ್ಕನ್ನು ನೋಡಿದರು. ಆಮೇಲೆ ನಕ್ಕರು. ಭೂತಗನ್ನಡಿ ಕಳಚಿ ಗಡಿಯಾರದ ಹಲ್ಲುಗಾಲಿಗಳ ನಡುವೆ ಬಿತ್ತು, ಆದರೂ ನಗುತ್ತಲೇ ಇದ್ದರು. ಹಫೀಜ ಚಹಾ ತರಿಸಿದ. ಟ್ರಕ್ಕು ಇನ್ನೂ ಕೊಟ್ಟಿರಲಿಲ್ಲ.

"ನೀ ಹೆಂಗ ಬಂದಿ?" ಎಂದು ಇವರು ಎರಡು ಸಲ ಕೇಳಿದರು. ಎಣ್ಣೆಯ ಸಂಗತಿ ಬಿಟ್ಟು ಅದೇನು ಕೇಳುವುದೋ. ಬಸ್ಸಿನಾಗ, ಎಂದೆ.

ಡಿಸೆಂಬರ್ ೨೧, ಶನಿವಾರ

ಖರೇ ಎಣ್ಣೆ ಪುಣೆಯಿಂದ ಬಂತು. ಇದು ಚಳಿಗೆ ಬಗ್ಗುವುದಿಲ್ಲವಂತೆ. ಕೊಬ್ಬರಿ ಎಣ್ಣೆಗೆ ರಬ್ಬರ್ ಉಂಗುರಗಳು ಉಬ್ಬಿಹೋಗಿದ್ದವು, ಅವನ್ನೂ ಬದಲಿಸಿದೆವು. ಬ್ಯಾಟರಿಯನ್ನು ಕೆಳಗೆ ಸರಿಸಿ ಕಟ್ಟಿದರು ಇವರು, ಭಾರ ತಳಕ್ಕೆ ಬಂದಷ್ಟೂ ವಾಲುವುದು ಕಡಿಮೆ ಎಂದು. ಹಿಂದಿನ ಸ್ಪ್ರಿಂಗು ಇನ್ನೊಂದು ಸುತ್ತು ಬಿಡೋಣ ಎಂದರೆ ಕೇಳಲಿಲ್ಲ. ವಾದ ಇನ್ನೂ ಮುಗಿದಿಲ್ಲ.

ಡಿಸೆಂಬರ್ ೨೨, ರವಿವಾರ

ಬಂಡೆ ಹತ್ತಿತು. ಇಳಿಯಿತು. ಮಂಜಿನಲ್ಲೇ. ಹಿಂದಿನ ಸ್ಪ್ರಿಂಗು ಒಂದು ಸುತ್ತು ಬಿಟ್ಟ ಮೇಲೆಯೇ ಎಂಬುದು ದಾಖಲಾಗಲಿ.

ಡಿಸೆಂಬರ್ ೨೫, ಬುಧವಾರ

ಬೆಳಿಗ್ಗೆ ಎದ್ದು ನೋಡಿದರೆ ಇವರು ಕಾರಿನ ಹೊದಿಕೆ ತೆಗೆದು ತೊಳೆಯುತ್ತಿದ್ದರು. ನಾನು ಚಹಾ ಒಯ್ದು ಕೊಟ್ಟೆ. ಎಡಬದಿಯ ಬಾಗಿಲಿಗೆ ಹೊಸ ಬಣ್ಣ, ಹಳೆಯದಕ್ಕಿಂತ ಸ್ವಲ್ಪ ಗಾಢ.

"ಅಮಾಸಿಗೆ ದುರ್ಗೇಶ ಬಾಡಿಗಿ ಗಾಡಿ ಕಳಸ್ತೇನಿ ಅಂದಾನ," ಎಂದರು, ಕಾರಿನ ಗಾಜು ಒರೆಸುತ್ತ. ಬಟ್ಟೆಯನ್ನು ನೀರಿಗೆ ಅದ್ದಿ, "ಇಲ್ಲಾ ನಾನ ಹೊಡೀಲೇನು?"

ನಾನು ಹೊಸ ಬಣ್ಣದ ಬಾಗಿಲನ್ನು ಒಂದು ಸಲ ಮುಟ್ಟಿ ನೋಡಿದೆ. ಇವರು ಕಾಯುತ್ತಿದ್ದರು, ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸೇತುವಿ ಬಂದಾಗ ನಾ ಇಳೀತೀನಿ," ಎಂದೆ. "ನಡಕೋತ ದಾಟ್ತೀನಿ. ನೀವು ಗಾಡಿ ದಾಟಿಸಿರಿ, ಆ ಕಡೆ ಹತ್ತತೀನಿ."

"ಆತು."

"ಮತ್ತ ಸ್ಟೇರಿಂಗ್ ಅಷ್ಟು ಬಿಗಿ ಹಿಡೀಬ್ಯಾಡ್ರಿ."

ಅವ್ವನಿಗೆ ಫೋನಿನಲ್ಲಿ ಕರಾರು ತಿಳಿಸಿದೆ. ಸಜ್ಜೆಯ ಕಡಬಿಗೆ ಹಿಟ್ಟು ಬೀಸಿಸಲು ಈಗಲೇ ಕಳಿಸುತ್ತೇನೆ ಎಂದು ಫೋನಿಟ್ಟಳು.

ಡಿಸೆಂಬರ್ ೩೧, ಮಂಗಳವಾರ

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ.

ಟ್ರಕ್ಕನ್ನು ಡಿಕ್ಕಿಯಲ್ಲಿಟ್ಟರೆ ಬುತ್ತಿಯ ಡಬ್ಬಿಗಳ ಮೇಲೆ ಬೀಳುತ್ತದೆಂದು ನನ್ನ ಮಡಿಲಿಗೆ ಕೊಟ್ಟರು. ಧಾರವಾಡ ದಾಟುವವರೆಗೂ ನಾನು ಕಿಟಕಿಯ ಮೇಲಿನ ಹಿಡಿ ಬಿಡಲಿಲ್ಲ. ಆಮೇಲೆ ಟ್ರಕ್ಕಿನ ಒಂದು ಶಾಕರಿನಿಂದ ಎಣ್ಣೆ ಜಿನುಗಿ ಇಳಕಲ್ ಸೀರೆಗೆ ಹತ್ತಿದ್ದು ಕಂಡಿತು. ಉಂಗುರ ಸರಿಯಾಗಿ ಕೂರಿಸಿಲ್ಲ ನೀವು ಎಂದೆ. ಒತ್ತಿದ್ದು ನೀನು ಎಂದರು. ಎರಿ ಹೊಲದ ಕಪ್ಪು ಮಣ್ಣಿನ ಬಿರುಕಿಗೆ ಮುಂದಿನ ಸ್ಪ್ರಿಂಗು ಬಿಗಿ ಬೇಕೆಂದು ಅವರ ವಾದ, ಬೇಡವೆಂದು ನನ್ನದು. ಹೆಬ್ಬಳ್ಳಿಯಲ್ಲಿ ಬಂಡಿದಾರಿಗೆ ತಿರುಗಿದಾಗಲೂ ಅದು ಮುಗಿದಿರಲಿಲ್ಲ.

ಹೊಲದಲ್ಲಿ ದುರ್ಗೇಶ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ತೊಳೆದು ಸುಣ್ಣ ಹಚ್ಚಿ ಇಟ್ಟಿದ್ದ. ಸುತ್ತ ಕಡಲೆ, ನಡುವೆ ಜೋಳ. ಅವ್ವ ಕಂಬಳಿಯ ಮೇಲೆ ಕೂತಿದ್ದಳು, ಮೊಣಕಾಲು ನೋವು, ಈ ವರ್ಷ ಹೊಲದೊಳಗೆ ಅಡ್ಡಾಡಲಾರಳು. ನನ್ನ ಎರಡೂ ಹೆಗಲು ಮುಟ್ಟಿ ನೋಡಿದಳು.

"ಸೇತುವಿ ನಡಕೋತ ದಾಟಿದಿಯೇನವಾ? ಅಂಜಿಕಿ ಬಂತೇನು?"

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಸೇತುವೆ ಎಲ್ಲಿ ಬಂತು? ನಾನು ಇಳಿದಿರಲಿಲ್ಲ. ಇವರು ನಿಲ್ಲಿಸಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಸೀರೆಯ ಕಲೆಯೇ ಕಣ್ಣಿಗೆ ಬರುತ್ತದೆ.

"ಅವ್ವಾರ, ನಿಮ್ಮ ಮಗಳು ಜಗಳದಾಗ ದಾಟಿಸಿಬಿಟ್ಟಳು," ಎಂದರು ಇವರು.

ಪೂಜೆಯಾಗಿ, ದುರ್ಗೇಶ ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲಿ ಬಂದ ಮೇಲೆ, ಅವ್ವ ಆಚೆಯ ಬದುವಿನ ಕಡಲೆ ಸಾಲನ್ನು ನೋಡುತ್ತ ಕೂತಿದ್ದಳು. ಅಲ್ಲಿ ಅವಳೇ ತನ್ನ ಕೈಯಿಂದ ಚರಗ ಹಾಕುವ ರೂಢಿ. ಇವರು ಟ್ರಕ್ಕನ್ನು ಅವಳ ಮುಂದೆ ಇಟ್ಟರು. ಅವ್ವ ಅದನ್ನೊಂದು ಸಲ, ಅಳಿಯನನ್ನೊಂದು ಸಲ ನೋಡಿ, ಅದರ ಬೆನ್ನ ಮೇಲೆ ಒಂದು ಕಡಬು ಇಟ್ಟು, ಅರಿಷಿಣ ಕುಂಕುಮವನ್ನೂ ಉದುರಿಸಿದಳು. ಟ್ರಕ್ಕು ಹೊರಟಿತು. ಹೆಂಟೆಗಳ ಮೇಲೆ ಹತ್ತಿ ಇಳಿಯಿತು, ಅಂಗೈ ಅಗಲದ ಬಿರುಕಿನಲ್ಲಿ ಒಂದು ಗಾಲಿ ಇಳಿದರೂ ಮೈ ಅಲುಗಲಿಲ್ಲ. ಬದು ಏರುವಾಗ ಎಡಕ್ಕೆ ವಾಲಿತು. ಇವರ ಹೆಬ್ಬೆರಳು ರಿಮೋಟಿನ ಮೇಲೆ ಹಗುರವಾಗಿತ್ತು. ನಾನು ಕಣ್ಣು ತೆಗೆಯಲಿಲ್ಲ. ವಾಲಿದ್ದು ನಿಂತು, ನೆಟ್ಟಗಾಗಿ, ಆ ಕಡೆ ಇಳಿಯಿತು. ಕಡಬು ಬೀಳಲಿಲ್ಲ. ದುರ್ಗೇಶ ಓಡಿಹೋಗಿ ಎತ್ತಿ ಮುರಿದು ಸಾಲಿನ ಮೇಲೆ ಚೆಲ್ಲಿದ.

"ಗಾಡಿ ಹೊಡಿಯಾಕ ಬರ್ತೈತಿ ಬಿಡು ನಿನ್ನ ಗಂಡಗ," ಎಂದಳು ಅವ್ವ, ರೊಟ್ಟಿಗೆ ಪುಂಡಿಪಲ್ಲೆ ಹಚ್ಚುತ್ತ.

ಹೊತ್ತು ಮುಳುಗುವ ಮುಂಚೆ ಹೊರಟೆವು. ಸೇತುವೆ ಬಂದಾಗ ಇವರು ಕಾರು ನಿಲ್ಲಿಸಿದರು. ಇಳಿದು ಸುತ್ತಿ ಬಂದು, ಮಾತು ಕೊಟ್ಟ ಹಾಗೆ, ನನ್ನ ಬದಿಯ ಬಾಗಿಲು ತೆಗೆದರು. ಕುಸಿದಿದ್ದ ಅಂಚಿಗೆ ಹೊಸದಾಗಿ ಕಲ್ಲು ಕಟ್ಟಿದ್ದಾರೆ. ಕೆಳಗೆ ಹಳ್ಳದಲ್ಲಿ ಮೊಣಕಾಲಷ್ಟು ನೀರು, ಒಂದು ಬೆಳ್ಳಕ್ಕಿ. ಬೇಕಾದಷ್ಟು ಹೊತ್ತು ನೋಡಿದೆ.

"ಟ್ರಕ್ ಮಡಿಲಾಗೈತಿ," ಎಂದೆ. "ಹೆಂಗ ಇಳೀಲಿ? ನಡೀರಿ."

ಇವರು ಬಾಗಿಲು ಹಾಕಿ, ಬಂದು ಕೂತು, ಗೇರು ಹಾಕಿದರು. ನಡುವೆ ಎಲ್ಲೋ ಕಾರು ಕುಲುಕಿತು. ಮಡಿಲಲ್ಲಿ ಟ್ರಕ್ಕಿನ ನಾಲ್ಕೂ ಗಾಲಿ ಒಂದೊಂದಾಗಿ ಕುಸಿದು ಎದ್ದವು. ಈ ಸಲ ದಾಟಿದ್ದು ಇಬ್ಬರಿಗೂ ಗೊತ್ತಾಯಿತು.